ಪ್ಲೇಟು 7416, ಎಂಟನೇ ತುಂಡು

ಎಂಟಿಂಚು ಅಗಲ, ಹತ್ತಿಂಚು ಉದ್ದದ ಗಾಜಿನಲ್ಲಿ ಎರಡಿಂಚಿನ ಚೌಕಗಳು ಇಪ್ಪತ್ತು ಬರುತ್ತವೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ, ಚೂರೂ ದಂಡವಾಗುವುದಿಲ್ಲ. ಕೆಂಗಲ್ಲಗುಡ್ಡದ ಖಗೋಳ ಸಂಗ್ರಹಾಲಯದವರು ನನ್ನನ್ನು ಕೆಲಸಕ್ಕೆ ಕರೆದಾಗ ಈ ಅಳತೆ ಕೇಳಿ ಖುಷಿಪಟ್ಟಿದ್ದೆ. ಈಗ ಆ ಖುಷಿಯನ್ನು ನೆನೆದರೆ ಮೈ ಉರಿಯುತ್ತದೆ.

ನನ್ನ ಹೆಸರು ಕಸ್ತೂರಿ ಚಿತ್ರಗಾರ. ಗದಗಿನಲ್ಲಿ ದೇವರ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯ ಮಗಳು. ಗಾಜು ಕೊಯ್ಯುವುದನ್ನು ಅಪ್ಪ ನನಗೆ ಹತ್ತನೇ ವಯಸ್ಸಿಗೇ ಕಲಿಸಿದ್ದ. ಬಣದೂರಿನ ನೇಕಾರ ಶಂಕ್ರಪ್ಪನವರನ್ನು ಮನೆಯವರ ಮಾತು ಮೀರಿ ಮದುವೆಯಾದೆ. ಅಂಗಡಿ ಅಣ್ಣನ ಪಾಲಾಯಿತು, ಕೈಯಲ್ಲಿದ್ದ ವಿದ್ಯೆ ಮಾತ್ರ ನನ್ನ ಜೊತೆ ಬಂತು. ಬಣದೂರಿನಿಂದ ಬಸ್ಸಿನಲ್ಲಿ ಹದಿನೆಂಟು ಕಿಲೋಮೀಟರ್ ಹೋದರೆ ಗುಡ್ಡದ ಮೇಲೆ ಸಂಗ್ರಹಾಲಯ.

ಅಲ್ಲಿ ಹಿಂದೆ ವೀಕ್ಷಣಾಲಯವಿತ್ತು. 1931ರಿಂದ ಸುಮಾರು ಅರವತ್ತು ವರ್ಷ ಅಲ್ಲಿಯವರು ದೂರದರ್ಶಕಕ್ಕೆ ಗಾಜಿನ ಪ್ಲೇಟು ಸಿಕ್ಕಿಸಿ ಆಕಾಶದ ಫೋಟೋ ತೆಗೆದಿದ್ದರು. ಗಾಜಿನ ಒಂದು ಬದಿಗೆ ಬೆಳ್ಳಿಯ ಲೇಪ. ನಕ್ಷತ್ರವಿದ್ದಲ್ಲಿ ಕಪ್ಪು ಚುಕ್ಕೆ, ಉಳಿದದ್ದು ಖಾಲಿ. ಇಂಥ ಹನ್ನೊಂದು ಸಾವಿರ ಚಿಲ್ಲರೆ ಪ್ಲೇಟುಗಳು ಕಪಾಟುಗಳಲ್ಲಿ ಬೂಷ್ಟು ಹಿಡಿಯುತ್ತ ಕೂತಿದ್ದವು. 2060ರಲ್ಲಿ ನಿರ್ದೇಶಕಿ ಡಾ. ವಾಸಂತಿ ಪದಕಿ ಅಷ್ಟನ್ನೂ ಸ್ಕ್ಯಾನ್ ಮಾಡಿಸಿದರು. ಯಂತ್ರಕ್ಕೆ ಒಂದು ಜಾಣತನವಿತ್ತು. ಧೂಳು, ಕೂದಲು, ಗೀಚು ಏನೇ ಕಂಡರೂ ಅಳಿಸಿ, ಅಕ್ಕಪಕ್ಕದ ಆಕಾಶವನ್ನೇ ಅಲ್ಲಿಗೆ ಮೆತ್ತುತ್ತಿತ್ತು. ಪರದೆಯ ಮೇಲೆ ಆಕಾಶ ಈಗಷ್ಟೇ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಜಗತ್ತಿನ ಯಾರು ಬೇಕಾದರೂ ಮನೆಯಲ್ಲಿ ಕೂತು ನೋಡಬಹುದಿತ್ತು. ಪ್ರತಿಯೊಂದು ಚಿತ್ರದ ಕೆಳಗೂ ‘ಮೂಲದಂತೆಯೇ ಇದೆ’ ಎಂಬ ಪ್ರಮಾಣಪತ್ರ, ಅದರ ಕೆಳಗೆ ಪದಕಿ ಮೇಡಂ ಸಹಿ.

ಹಾಗಾದರೆ ಗಾಜು ಯಾಕೆ? ಕಪಾಟುಗಳಿದ್ದ ಕೋಣೆ ಹೊಸ ಗುಮ್ಮಟದ ಚಿತ್ರಮಂದಿರಕ್ಕೆ ಬೇಕಾಗಿತ್ತು. ಮೇಡಂ ಒಂದು ಯೋಜನೆ ಹೂಡಿದರು: ‘ಮನೆಗೊಂದು ಆಕಾಶ.’ ಪ್ಲೇಟುಗಳನ್ನು ಕೊಯ್ದು, ನೋಡಲು ಬಂದವರಿಗೆಲ್ಲ ಒಂದೊಂದು ತುಂಡು ಕಾಣಿಕೆ.

“ಇದು ಜನರ ಆಕಾಶ, ಕಸ್ತೂರಿ. ನಾವು ಬೀಗ ಹಾಕಿ ಇಟ್ಕೊಂಡು ಕೂಡೂದು ತಪ್ಪು,” ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಾನೂ ನಂಬಿದೆ. ಸುಳ್ಳು ಯಾಕೆ ಹೇಳಲಿ, ಎರಡು ವರ್ಷ ಆ ಕೆಲಸವನ್ನು ಪೂಜೆಯ ಹಾಗೆ ಮಾಡಿದೆ.

ಗಾಜು ಕೊಯ್ಯುವ ಪುಟ್ಟ ಚಕ್ರದಿಂದ ಗೀರಿ ಮುರಿದರೆ ಗಾಜು ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಆದರೆ ಅಂಚು ಕತ್ತಿಯ ಹಾಗಿರುತ್ತದೆ. ಅಂಚು ಉಜ್ಜದ ಗಾಜು ಅಪ್ಪನ ಅಂಗಡಿಯಿಂದ ಒಂದು ದಿನವೂ ಹೊರಗೆ ಹೋಗಿರಲಿಲ್ಲ. ಹಾಗೆ ಕೊಟ್ಟವನು ಗಿರಾಕಿಯ ಕೈ ಕೊಯ್ದ ಹಾಗೆ ಎನ್ನುತ್ತಿದ್ದ. ಇಲ್ಲಿ ಮಕ್ಕಳ ಕೈಗೆ ಕೊಡುವ ತುಂಡುಗಳು. ನನಗೆ ಯಾರೂ ಹೇಳಿರಲಿಲ್ಲ, ನಾನೇ ಪ್ರತಿಯೊಂದು ತುಂಡಿನ ನಾಲ್ಕೂ ಅಂಚನ್ನು ಸಾಣೆಕಲ್ಲಿಗೆ ನೀರು ಬಿಟ್ಟು ಉಜ್ಜಿದೆ. ಬೆರಳಿಗೆ ಹತ್ತದಂತೆ ಲೇಪವಿದ್ದ ಬದಿಯ ಅಂಚಿನ ಮೇಲೂ ಒಂದಿಷ್ಟು ಕಲ್ಲಾಡಿಸಿದೆ. ಮೂಲೆಯಲ್ಲಿ ವಜ್ರದ ಮೊನೆಯಿಂದ ಪ್ಲೇಟಿನ ಸಂಖ್ಯೆ, ತುಂಡಿನ ಸಂಖ್ಯೆ ಕೊರೆದೆ. ಪಡೆದವರ ಹೆಸರು, ಊರು ಬಾಗಿಲ ಬಳಿಯ ಪುಸ್ತಕದಲ್ಲಿ. ಅದೂ ನಾನೇ ಕೇಳಿ ಇಡಿಸಿದ್ದು.

ಆರು ವರ್ಷದ ಮೇಲೆ ಆಕಾಶದಲ್ಲಿ ಕಲ್ಲು ಕಂಡಿತು.

ದಕ್ಷಿಣದ ಯಾವುದೋ ದೇಶದ ದೂರದರ್ಶಕಕ್ಕೆ ಅದು ಹತ್ತೊಂಬತ್ತು ದಿನ ಕಂಡು, ಆಮೇಲೆ ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ತೊಂಬತ್ತು ಮೀಟರ್ ಅಗಲದ ಬಂಡೆ. 2069ರ ಏಪ್ರಿಲ್‌ನಲ್ಲಿ ಭೂಮಿಗೆ ತೀರ ಹತ್ತಿರ ಬರುತ್ತದೆ. ಬಡಿಯಬಹುದು, ಬಡಿಯದೆಯೂ ಹೋಗಬಹುದು. ಬಡಿದರೆ ಎಲ್ಲಿ ಎಂಬುದಕ್ಕೆ ನಕ್ಷೆಯ ಮೇಲೆ ಒಂದು ಪಟ್ಟಿ ಎಳೆದರು. ಸಮುದ್ರದಿಂದ ಹೊರಟು ನಮ್ಮ ಜಿಲ್ಲೆಯನ್ನು ಅಡ್ಡಕ್ಕೆ ಸೀಳಿಕೊಂಡು ಪೂರ್ವಕ್ಕೆ ಹೋಗುವ ಪಟ್ಟಿ. ಬಣದೂರು ಅದರ ನಟ್ಟನಡುವೆ, ಸಂಗ್ರಹಾಲಯದ ಗುಡ್ಡ ಅದರ ಅಂಚಿನಾಚೆ. ಕಲ್ಲು ಮತ್ತೆ ಕಣ್ಣಿಗೆ ಬೀಳುವುದು ಭೂಮಿಯ ಹತ್ತಿರ ಬರುವುದಕ್ಕೆ ನಲವತ್ತು ದಿನ ಮುಂಚೆ ಮಾತ್ರ. ನಲವತ್ತು ದಿನದಲ್ಲಿ ನಾಲ್ಕು ಲಕ್ಷ ಜನರನ್ನು ಸಾಗಿಸಲು ಆಗದೆಂದು ಒಂದು ಸ್ಥಳಾಂತರ ಕಚೇರಿ ತೆರೆದು, ಊರುಗಳನ್ನು ಒಂದೊಂದಾಗಿ ಖಾಲಿ ಮಾಡಿಸತೊಡಗಿದರು. ನಮ್ಮ ಊರಿನ ಸರದಿ 2068ರ ಯುಗಾದಿಗೆ.

ಜನ ಹೊಂದಿಕೊಂಡ ರೀತಿಯನ್ನು ನೋಡಬೇಕಿತ್ತು. ಮೊದಲು ಆ ಕಲ್ಲಿಗೆ ಹೆದರಿದರು, ಆಮೇಲೆ ಅದರ ಮೇಲೆ ಹಾಡು ಕಟ್ಟಿದರು, ಆಮೇಲೆ ಪಟ್ಟಿಯೊಳಗಿನ ಊರುಗಳಿಗೆ ಹೆಣ್ಣು ಕೊಡುವುದನ್ನು ನಿಲ್ಲಿಸಿದರು. ಮಕ್ಕಳು ಶಾಲೆಯಲ್ಲಿ ‘ಪಟ್ಟಿಯವರು’, ‘ಹೊರಗಿನವರು’ ಎಂದು ಗುಂಪು ಮಾಡಿಕೊಂಡು ಆಡುತ್ತಿದ್ದವು. ನಮ್ಮ ಅತ್ತೆ ನೀಲವ್ವ ಮಾತ್ರ ಎಲ್ಲರನ್ನೂ ಬೈಯುತ್ತಿದ್ದರು.

ನಮ್ಮ ಮನೆಯವರದು ಕುಣಿಮಗ್ಗ. ನೆಲದಲ್ಲಿ ಸೊಂಟದಷ್ಟು ಆಳದ ಕುಣಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ತುಳಿಯುತ್ತ ನೇಯಬೇಕು. ಮಣ್ಣಿನ ತಂಪಿಗೆ ರೇಷ್ಮೆ ಎಳೆ ಮೆತ್ತಗಿರುತ್ತದೆ, ಹರಿಯುವುದಿಲ್ಲ. ಕುಪ್ಪಸದ ಖಣದಲ್ಲಿ ಸಣ್ಣ ಬುಟ್ಟಾ ಚಿತ್ತಾರ ಬೀಳಬೇಕಾದರೆ ಆ ತಂಪು ಬೇಕೇ ಬೇಕು. ಬಣದೂರಿನ ಮುನ್ನೂರು ಮನೆಗಳಲ್ಲೂ ಅಜ್ಜ ಮುತ್ತಜ್ಜ ತೋಡಿದ ಕುಣಿಗಳೇ. ನಮಗೆ ಗೊತ್ತುಮಾಡಿದ್ದ ಜಾಗಕ್ಕೆ ಹೋಗಿ ನೋಡಿ ಬಂದ ದಿನ ಇವರು ಊಟಕ್ಕೆ ಕೂರಲಿಲ್ಲ.

“ಏನೈತ್ರಿ ಅಲ್ಲೆ?” ಎಂದೆ.

“ತಗಡಿನ ಶೆಡ್ಡು. ಕೆಳಗ ಪೂರಾ ಕಾಂಕ್ರೀಟ. ಕಬ್ಬಿಣದ ಹಾರಿ ಹಾಕಿ ನೋಡಿದೆ, ಕಿಡಿ ಹಾರಿತು.”

“ಸಾಹೇಬ್ರನ್ನ ಕೇಳಬೇಕಿತ್ತು.”

“ಕೇಳಿದೆ. ಮಗ್ಗಾ ಬಿಚ್ಚಿ ಲಾರ್‍ಯಾಗ ಹಾಕ್ರಿ, ಲಾರಿ ನಾವ ಕೊಡ್ತೀವಿ ಅಂದ್ರು. ಕುಣಿ ಹೆಂಗ ಹಾಕೂದ್ರಿ ಲಾರ್‍ಯಾಗ ಅಂದೆ. ನಕ್ಕರು.”

ಅತ್ತೆ ಒಲೆಯ ಮುಂದಿನಿಂದಲೇ ಕೂಗಿದರು. “ಕಲ್ಲು ಬೀಳಲಿ ಬಿಡೋ! ಬಿದ್ದ್ರ ಒಂದ ಸಲ ಸಾಯ್ತೀವಿ. ನಾ ಅಂತೂ ಹೊಂಟಿಲ್ಲ.”

ಫೆಬ್ರವರಿಯಲ್ಲಿ ಒಂದು ದಿನ ಶಫಿ ಸರ್ ನನ್ನನ್ನು ಗಣಕಗಳ ಕೋಣೆಗೆ ಕರೆಸಿದರು. ಮಹಮ್ಮದ್ ಶಫಿ ಕಿತ್ತೂರ, ಸಂಗ್ರಹಾಲಯದಲ್ಲಿ ಗ್ರಹಗಳ ದಾರಿ ಲೆಕ್ಕ ಹಾಕುವ ಒಬ್ಬನೇ ವಿಜ್ಞಾನಿ. ಮೂವತ್ತರ ಹುಡುಗ, ನನ್ನನ್ನು ಅಕ್ಕ ಎನ್ನುತ್ತಿದ್ದ. ಪರದೆಯ ಮೇಲೆ ನಮ್ಮದೇ ಸಂಗ್ರಹದ ಒಂದು ಆಕಾಶ, ಅದರ ಮೇಲೆ ಅಡ್ಡಡ್ಡ ಒಂದು ಕೆಂಪು ಗೆರೆ.

“ಕಸ್ತೂರಕ್ಕ, ಈ ಕಲ್ಲು ಹಿಂದನೂ ಒಮ್ಮೆ ಭೂಮಿ ಹತ್ತರ ಬಂದು ಹೋಗೇತಿ. 1979ರ ಫೆಬ್ರವರಿ ಹನ್ನೊಂದಕ್ಕ. ಅವತ್ತ ನಮ್ಮ ಗುಡ್ಡದಾಗಿನವರು ಆಕಾಶದ ಅದ ಭಾಗದ ಫೋಟೋ ತಗದಾರ. ಪ್ಲೇಟು 7416.”

“ಅಂದ್ರ ಕಲ್ಲು ಅದರಾಗ ಐತಿ?”

“ಇರಲೇಬೇಕು. ಬಸ್ಸು ಈ ಎರಡು ಮಾರು ರಸ್ತೇದಾಗ ಕಂಡ್ರ ಅದು ಯಾವ ಊರಿಗೆ ಹೊಂಟೇತಿ ಅಂತ ಹೇಳಾಕ ಆಗೂದಿಲ್ಲ. ತೊಂಬತ್ತು ವರ್ಷದ ಹಿಂದ ಎಲ್ಲಿತ್ತು ಅಂತ ಗೊತ್ತಾದ್ರ, ಮುಂದ ಎಲ್ಲಿ ಹೋಗ್ತೈತಿ ಅಂತ ಗೆರಿ ಎಳದ ಹೇಳಬಹುದು.” ಅವನು ಕೆಂಪು ಗೆರೆಯ ನಡುವೆ ಒಂದು ಸಣ್ಣ ಜಾಗ ತೋರಿಸಿದ. “ಅವತ್ತ ಅದು ಈ ಕೂದಲಗಲದಾಗ ಇದ್ದ್ರ ಮಾತ್ರ ನಮಗ ಬಡೀತೈತಿ. ಗೆರಿ ಮ್ಯಾಲೆ ಬ್ಯಾರೆ ಎಲ್ಲೇ ಇರಲಿ, ಬಡಿಯೂದಿಲ್ಲ. ಒಂದು ಊರೂ ಖಾಲಿ ಮಾಡೂದು ಬ್ಯಾಡ.”

“ಮತ್ತ ನೋಡ್ರಲ್ಲ! ಪರದಿ ಮ್ಯಾಲೆ ಐತಲ್ಲ ಪ್ಲೇಟು.”

ಶಫಿ ಮೆಲ್ಲಗೆ ಹೇಳಿದ. ನಕ್ಷತ್ರ ಚುಕ್ಕೆಯಾಗಿ ಬೀಳುತ್ತದೆ. ಓಡುವ ಕಲ್ಲು ಹಾಗಲ್ಲ, ಫೋಟೋ ತೆಗೆಯುವ ಹೊತ್ತಿನಲ್ಲಿ ಅದು ಸರಿದು ಸಣ್ಣ ಗೆರೆಯಾಗುತ್ತದೆ. ಇದು ಒಂದೂವರೆ ಮಿಲಿಮೀಟರ್‌ನಷ್ಟು. ಯಂತ್ರ ಅಂಥ ಗೆರೆಗಳನ್ನೆಲ್ಲ ಗೀಚು ಎಂದು ಅಳಿಸಿತ್ತು. ಅಳಿಸುವ ಮುಂಚಿನ ಚಿತ್ರಗಳನ್ನು ಜಾಗ ಉಳಿಸಲೆಂದು ಮೂರು ವರ್ಷದ ಮೇಲೆ ತೆಗೆದುಹಾಕಿದ್ದರು.

“ಏನೇನ ಅಳಿಸಿನಿ ಅಂತ ಯಂತ್ರ ಒಂದು ಯಾದಿ ಇಡ್ತೈತಿ. ಅದು ಸಿಕ್ಕಿದ್ರ ಸಾಕಾಗಿತ್ತು. ಮೇಡಂನ ಕೇಳಿದೆ. ಚಿತ್ರದ ಜೋಡಿ ಅದೂ ಹೋತು ಅಂದ್ರು. ಇನ್ನ ಉಳಿದದ್ದು ಗಾಜು ಒಂದ.”

ಗಾಜನ್ನು ಕೊಯ್ದವಳು ಎದುರಿಗೇ ನಿಂತಿದ್ದೆ.

ಯುಗಾದಿಗೆ ಐದು ವಾರವಿತ್ತು. ಪುಸ್ತಕ ತೆಗೆದು ಕೂತೆ. 7416ರ ಇಪ್ಪತ್ತೂ ತುಂಡು ಒಂದೇ ರಜೆಯ ದಿನ ಹಂಚಿಹೋಗಿದ್ದವು. ಶಫಿಯ ಗೆರೆ ಹಾಯುತ್ತಿದ್ದದ್ದು ಎರಡನೇ ಸಾಲಿನ ಐದು ತುಂಡುಗಳ ಮೇಲೆ, ಆರರಿಂದ ಹತ್ತರವರೆಗೆ. ಅಪಾಯದ ಕೂದಲಗಲ ಏಳನೇ ತುಂಡಿನ ನಟ್ಟನಡುವೆ. ಈ ಐದು ಸಿಕ್ಕರೆ ನಮ್ಮ ಊರು ಉಳಿಯುತ್ತಿತ್ತು. ರಜೆ ಹಾಕಿ ಊರೂರು ಅಲೆದೆ. ಆರನೆಯದು ಒಂದು ಶಾಲೆಯ ಕಪಾಟಿನಲ್ಲಿ ಕಾಗದಗಳ ಮೇಲೆ ಭಾರಕ್ಕೆ ಕೂತಿತ್ತು. ಒಂಬತ್ತನೆಯದನ್ನು ಒಬ್ಬ ಹೋಟೆಲಿನವನು ಉಪ್ಪಿನಕಾಯಿ ಭರಣಿಗೆ ಮುಚ್ಚಳ ಮಾಡಿದ್ದ. ಹತ್ತನೆಯದನ್ನು ಮನೆಯ ಗೋಡೆ ಕಟ್ಟುವಾಗ ಬಾಗಿಲ ಮೇಲೆ ಸಿಮೆಂಟಿನಲ್ಲಿ ಕೂರಿಸಿದ್ದರು, ಒಂದು ಮಧ್ಯಾಹ್ನವೆಲ್ಲ ಉಳಿಯಿಂದ ಬಿಡಿಸಿದೆ. ಏಳನೆಯದು ಸಿಕ್ಕ ದಿನ ಶಫಿ ಅದನ್ನು ಸೂಕ್ಷ್ಮದರ್ಶಕದ ಕೆಳಗೆ ಮೂರು ಗಂಟೆ ನೋಡಿದ.

“ಕೂದಲಗಲ ಖಾಲಿ ಐತಿ, ಅಕ್ಕಾ!” ಎಂದು ಕೂಗಿದ. “ಇದರಾಗ ಇಲ್ಲ!”

ಆದರೆ ಇಲ್ಲ ಎಂಬುದನ್ನು ಯಾರೂ ಒಪ್ಪುವುದಿಲ್ಲವಂತೆ. ಹಳೆಯ ಲೇಪ, ಮಬ್ಬಾಗಿರಬಹುದು ಎನ್ನುತ್ತಾರಂತೆ. ಎಲ್ಲಿದೆ ಎಂದು ತೋರಿಸಬೇಕಿತ್ತು. ನಾಲ್ಕು ತುಂಡಿನಲ್ಲೂ ಗೆರೆ ಇರಲಿಲ್ಲ, ಹಾಗಾಗಿ ಎಂಟರಲ್ಲಿ ಇರಲೇಬೇಕು.

ಎಂಟನೆಯದು ಕಣವಿಹಾಳದ ಚಂದ್ರವ್ವನ ಮನೆಯಲ್ಲಿತ್ತು. ಬಸ್ ಕಂಡಕ್ಟರ್ ಆಗಿ ನಿವೃತ್ತಿಯಾದ ಗಟ್ಟಿ ಹೆಂಗಸು. ತುಂಡನ್ನು ದೇವರ ಜಗಲಿಯ ಮೇಲೆ ಗಂಡನ ಫೋಟೋಕ್ಕೆ ಒರಗಿಸಿಟ್ಟಿದ್ದಳು. ಎಂಟು ವರ್ಷದ ದೀಪದ ಹೊಗೆ, ಎಣ್ಣೆ, ಕುಂಕುಮ. ಪ್ರತಿ ಸೋಮವಾರ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳಂತೆ, ಅದೂ ಲೇಪದ ಬದಿಯನ್ನು. ಗೆರೆ ಇರುವುದಾದರೆ ಆ ಬದಿಯಲ್ಲೇ.

“ನಮ್ಮವರು ತೀರಿಹೋದ ವರ್ಷನ ಇದು ಬಂತವ್ವ,” ಎಂದಳು. “ಇದರಾಗಿನ ದೊಡ್ಡ ಚುಕ್ಕಿ ಅವರ ಅಂತ ತಿಳ್ಕೊಂಡೀನಿ. ಹೆಂಗ ಕೊಡ್ಲಿ?”

ಬಣದೂರಿನ ವಿಷಯ, ಕುಣಿಗಳ ವಿಷಯ ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಚಂದ್ರವ್ವ ಎದ್ದು ತುಂಡನ್ನು ತಂದು ನನ್ನ ಕೈಯಲ್ಲಿಟ್ಟಳು.

“ಅಂದ್ರ ಇದರಾಗ ಕಲ್ಲು ಕುಂತಿತ್ತೇನು? ಎಂಟು ವರ್ಷ ನಾ ಆ ಹಾಳಾದ ಕಲ್ಲಿಗೆ ಊದಿನಕಡ್ಡಿ ಹಚ್ಚೀನೇನ?” ಎಂದು ತನ್ನನ್ನು ತಾನೇ ಬೈದುಕೊಂಡಳು.

ಗೆರೆ ಇತ್ತು. ಎಂಟನೇ ತುಂಡಿನ ಎಡ ಅಂಚಿಗೆ, ಸರಿಯಾಗಿ ನಾನು ಸಾಣೆ ಹಿಡಿದಲ್ಲಿ. ಒಂದೂವರೆ ಮಿಲಿಮೀಟರ್‌ನ ಗೆರೆಯಲ್ಲಿ ಅರ್ಧವನ್ನು ನನ್ನ ಸಾಣೆಕಲ್ಲು ತಿಂದಿತ್ತು, ಉಳಿದರ್ಧ ಹೊಗೆಯ ಕೆಳಗೆ ಮಬ್ಬಾಗಿತ್ತು. ಶಫಿಗೆ ಅಷ್ಟೇ ಸಾಕಾಗಿತ್ತು. ಎರಡು ದಿನ ಲೆಕ್ಕ ಹಾಕಿ ಬಂದು ಹೇಳಿದ: ಕಲ್ಲು ಭೂಮಿಯಿಂದ ಅರವತ್ತೊಂದು ಸಾವಿರ ಕಿಲೋಮೀಟರ್ ಆಚೆ ಹಾದುಹೋಗುತ್ತದೆ. ಒಂದು ಗಾಜಿನ ಕಿಟಕಿ ಕೂಡ ಅಲುಗುವುದಿಲ್ಲ.

ಅವತ್ತು ಮನೆಗೆ ಹೋಗುವಾಗ ಬಸ್ ನಿಲ್ದಾಣದಲ್ಲಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಹೋದೆ. ಅತ್ತೆ ಎರಡು ಹೆಚ್ಚಿಗೆ ತಿಂದರು. ಇವರು ಕುಣಿಗೆ ಇಳಿದು, ಲಾರಿಗೆ ಹಾಕಲೆಂದು ಸಡಿಲಿಸಿದ್ದ ಹಗ್ಗಗಳನ್ನು ಮತ್ತೆ ಬಿಗಿಯುತ್ತ ಕೂತರು.

“ಮಗ್ಗಕ್ಕ ಅಚ್ಚಕೆಂಪು ಎಳಿ ಹಾಸು ಹಾಕ್ತೀನಿ ನೋಡ,” ಎಂದರು. “ಮೊದಲನೇ ಖಣ ಆ ಕಂಡಕ್ಟರ್ ಚಂದ್ರವ್ವಗ.”

ಎಂಟು ದಿನದ ಮೇಲೆ ಶಫಿಯ ಲೆಕ್ಕ ಪರಿಶೀಲಿಸಲು ಒಂದು ಸಮಿತಿ ಕೂತಿತು. ಸಂಗ್ರಹಾಲಯದ ಸಭಾಂಗಣದಲ್ಲಿ ಪದಕಿ ಮೇಡಂ, ಸ್ಥಳಾಂತರ ಕಚೇರಿಯ ಅಧಿಕಾರಿ, ಪರದೆಯ ಮೇಲೆ ಮೂವರು ದೊಡ್ಡ ವಿಜ್ಞಾನಿಗಳು. ಶಫಿ ಗೆರೆ ತೋರಿಸಿದ, ಲೆಕ್ಕ ತೋರಿಸಿದ. ಪರದೆಯಲ್ಲಿದ್ದ ಹಿರಿಯರೊಬ್ಬರು ಕನ್ನಡಕ ಸರಿಪಡಿಸಿಕೊಂಡು, “ಇದು ಕಲ್ಲಿನ ಗುರುತೇ ಎಂದು ಹೇಗೆ ಹೇಳುತ್ತೀರಿ? ನಿಮ್ಮ ಸಂಗ್ರಹಾಲಯದ ಪ್ರಮಾಣಿತ ಚಿತ್ರದಲ್ಲಿ ಆ ಜಾಗ ಖಾಲಿ ಇದೆಯಲ್ಲ?” ಎಂದರು.

“ಸರ್, ಯಂತ್ರ ಅದನ್ನು ಗೀಚು ಎಂದು ಅಳಿಸಿದೆ,” ಎಂದ ಶಫಿ.

“ಹಾಗೇನಾದರೂ ದಾಖಲೆ ಇದೆಯೇ, ಡಾ. ಪದಕಿ?”

ಮೇಡಂ ತಮ್ಮ ಮುಂದಿದ್ದ ಹಸಿರು ಕಡತದ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. “ನಮ್ಮ ಚಿತ್ರಗಳು ಮೂಲದಂತೆಯೇ ಇವೆ. ನಾನೇ ಪ್ರಮಾಣೀಕರಿಸಿದ್ದೇನೆ,” ಎಂದರು. ದನಿ ಬಹಳ ಸಣ್ಣದಾಗಿತ್ತು.

ಆಮೇಲೆ ನನ್ನನ್ನು ಕರೆದರು. ಆ ಹಿರಿಯರು ಸೌಜನ್ಯದಿಂದಲೇ ಕೇಳಿದರು. “ನೀವೇ ಅಂಚು ಉಜ್ಜಿದ್ದು ಅಲ್ಲವೇ ತಾಯಿ? ಲೇಪದ ಬದಿಗೂ ಕಲ್ಲು ಆಡಿಸಿದಿರಾ?”

“ಹೌದ್ರಿ. ಹುಡುಗರ ಬೆರಳಿಗೆ ಹತ್ತಬಾರದಂತ.”

“ಆ ಕಲ್ಲಿನಿಂದ ಇಂಥ ಒಂದು ಗೀಚು ಬೀಳಬಹುದೇ? ಅದರಲ್ಲಿ ದೀಪದ ಹೊಗೆ ತುಂಬಿ ಕಪ್ಪಾಗಬಹುದೇ?”

ಶಫಿ ನನ್ನನ್ನೇ ನೋಡುತ್ತಿದ್ದ. ‘ಬೀಳೂದಿಲ್ಲ’ ಎಂದರೆ ಮುಗಿಯುತ್ತಿತ್ತು. ಅಲ್ಲಿದ್ದವರಲ್ಲಿ ಗಾಜು ಗೊತ್ತಿದ್ದವಳು ನಾನೊಬ್ಬಳೇ, ನನ್ನ ಮಾತನ್ನು ತೆಗೆದುಹಾಕುವವರು ಯಾರೂ ಇರಲಿಲ್ಲ. ಆದರೆ ಇಪ್ಪತ್ತೈದು ವರ್ಷ ಗಾಜು ಉಜ್ಜಿದವಳಿಗೆ ಗೊತ್ತು, ಬೀಳಬಹುದು. ಸಾವಿರಕ್ಕೆ ಒಂದು ಸಲ ಬೀಳುತ್ತದೆ. ಇದು ಆ ಒಂದಲ್ಲ ಎಂದು ನನ್ನ ಕಣ್ಣು ಹೇಳುತ್ತಿತ್ತು, ಆದರೆ ಅವರು ಕೇಳಿದ್ದು ಅದನ್ನಲ್ಲ. ಕೆಲಸದ ಮಾತಿನಲ್ಲಿ ಸುಳ್ಳಾಡಿ ನನಗೆ ರೂಢಿಯಿರಲಿಲ್ಲ.

“ಬೀಳಬಹುದ್ರಿ,” ಎಂದೆ. “ಆದ್ರ ಇದು ನನ್ನ ಕಲ್ಲಿಂದಲ್ಲ.”

ಮೊದಲನೇ ಮಾತನ್ನು ಬರೆದುಕೊಂಡರು. ಎರಡನೆಯದನ್ನು ಬರೆದುಕೊಳ್ಳಲಿಲ್ಲ. ನಿರ್ಣಯ ಅರ್ಧ ಪುಟವೂ ಇರಲಿಲ್ಲ: ‘ಗುರುತು ಸಂಶಯಾಸ್ಪದ. ಸ್ಥಳಾಂತರ ಮುಂದುವರಿಯುವುದು.’

ಯುಗಾದಿಗೆ ಮೂರು ದಿನ ಮುಂಚೆ ಲಾರಿಗಳು ಬಂದವು. ಅತ್ತೆ ಕುಣಿಯೊಳಗೆ ಇಳಿದು ಕೂತುಬಿಟ್ಟರು. ಎಪ್ಪತ್ತೆರಡು ವರ್ಷದ ಹೆಂಗಸನ್ನು ಇಬ್ಬರು ಮಹಿಳಾ ಪೊಲೀಸರು ರಟ್ಟೆ ಹಿಡಿದು ಎತ್ತಿದರು. ಇವರು ನೋಡಲಾರದೆ ಗೋಡೆಯ ಕಡೆ ತಿರುಗಿ ನಿಂತಿದ್ದರು. ಲಾರಿ ಹೊರಟಾಗ ಅತ್ತೆ ನನ್ನ ಕಡೆ ನೋಡಿ, “ಒಂದು ಸುಳ್ಳು ಆಡಾಕ ಆಗಲಿಲ್ಲೇನ ನಿನಗ?” ಎಂದರು. ಆ ಪ್ರಶ್ನೆಯನ್ನು ನನ್ನ ಗಂಡ ಇವತ್ತಿನವರೆಗೂ ಕೇಳಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಶೆಡ್ಡಿನ ಕಾಂಕ್ರೀಟಿನ ಮೇಲೆ ನಾಲ್ಕು ಕಾಲಿನ ಚೌಕಟ್ಟು ಹೂಡಿ ಮಗ್ಗ ನಿಲ್ಲಿಸಿದರು. ತಗಡಿನ ಕಾವಿಗೆ ಎಳೆಗಳು ಪಟಪಟ ಹರಿಯುತ್ತಿದ್ದವು. ಕಟ್ಟಿದ ಎಳೆಯ ಪಕ್ಕದ್ದು ಹರಿಯುತ್ತಿತ್ತು. ಒದ್ದೆ ಗೋಣಿಚೀಲ ಹಾಸಿ ನೋಡಿದರು, ಗಡಿಗೆಗಳಲ್ಲಿ ನೀರಿಟ್ಟು ನೋಡಿದರು. ಮೂರು ತಿಂಗಳಾದ ಮೇಲೆ ಮಗ್ಗದ ಕಟ್ಟಿಗೆ ಒಲೆಗೆ ಹೋಯಿತು. ಬಣದೂರಿನ ಹೆಚ್ಚಿನವರು ಹಾಗೇ ಮಾಡಿದರು. ಅತ್ತೆ ಆ ಮಳೆಗಾಲ ದಾಟಲಿಲ್ಲ. ವೈದ್ಯರು ಹೃದಯದ ತೊಂದರೆ ಎಂದು ಬರೆದರು, ನಾನು ಹಾಗೆಂದು ನಂಬುವುದಿಲ್ಲ.

ಮರುವರ್ಷದ ಏಪ್ರಿಲ್‌ನಲ್ಲಿ ಕಲ್ಲು ಬಂತು, ಹೋಯಿತು. ಅರವತ್ತೊಂದು ಸಾವಿರದ ಇನ್ನೂರು ಕಿಲೋಮೀಟರ್ ಆಚೆ. ಸಮಿತಿಯ ನಿರ್ಣಯದ ಮರುದಿನವೇ ರಾಜೀನಾಮೆ ಕೊಟ್ಟು ಹೋಗಿದ್ದ ಶಫಿ ಫೋನ್ ಮಾಡಿ, “ಇನ್ನೂರು ಕಿಲೋಮೀಟರ್ ತಪ್ಪಿದ್ನಕ್ಕಾ,” ಎಂದ. ನಗಲು ನೋಡಿದ, ಆಗಲಿಲ್ಲ.

ನಾವು ಬಣದೂರಿನವರು ಮೂವತ್ತು ಜನ ಸ್ಥಳಾಂತರ ಕಚೇರಿಗೆ ಹೋದೆವು. ಊರಿಗೆ ವಾಪಸು ಬಿಡಿ ಎಂದೆವು. ಅಧಿಕಾರಿ ಒಳ್ಳೆಯವನೇ, ಚಹಾ ಕೊಡಿಸಿದ. “ಹೋಗಾಕ ಆದೇಶ ಇತ್ರಿ. ಬರಾಕ ಆದೇಶ ಇಲ್ಲ. ಪಟ್ಟಿಯ ಭೂಮಿ ಪೂರಾ ಈಗ ಬ್ಯಾರೆ ಇಲಾಖೆಗೆ ಹೋಗೇತಿ,” ಎಂದ. ಅದೂ ನಿಜವೋ ಎಂದು ಊರಿಗೇ ಹೋಗಿ ನೋಡಿದೆವು. ಖಾಲಿ ಮನೆಗಳ ಕುಣಿಗಳಲ್ಲಿ ದನ ಬೀಳುತ್ತವೆಂದು ಮುನ್ನೂರು ಮನೆಗಳಲ್ಲೂ ಸಿಮೆಂಟು ಸುರಿದಿದ್ದರು. ಇವರು ನಮ್ಮ ಮನೆಯ ನಡುವೆ ನಿಂತು ಆ ಸಿಮೆಂಟಿನ ಮೇಲೆ ಕಾಲು ಆಡಿಸಿದರು.

ನಾನು ಸಂಗ್ರಹಾಲಯದ ಕೆಲಸ ಬಿಟ್ಟಿರಲಿಲ್ಲ. ಬಿಟ್ಟರೆ ಉಣ್ಣುವುದು ಏನನ್ನು? ಆ ವರ್ಷದ ಕೊನೆಗೆ ಹೊಸ ಪ್ರದರ್ಶನ ತೆರೆಯಿತು. ಮಂತ್ರಿಗಳು ಬಂದಿದ್ದರು. ನಡುವಿನ ಪೆಟ್ಟಿಗೆಯಲ್ಲಿ ಎಂಟನೇ ತುಂಡು, ಕೆಳಗಿನಿಂದ ಬೆಳಕು. ಫಲಕದಲ್ಲಿ ಹೀಗಿತ್ತು: ‘ಈ ಕಲ್ಲನ್ನು ಜಗತ್ತಿನಲ್ಲೇ ಮೊದಲು ಗುರುತಿಸಿದ್ದು ನಮ್ಮ ಸಂಗ್ರಹ, 1979.’ ಪಕ್ಕದಲ್ಲಿ ಒಂದು ಅಚ್ಚಾದ ಹಾಳೆ. ಮಂತ್ರಿಗಳು ಮುಂದೆ ಹೋದ ಮೇಲೆ ಬಗ್ಗಿ ಓದಿದೆ. ಯಂತ್ರ ಅಳಿಸಿದ್ದರ ಯಾದಿಯಿಂದ ತೆಗೆದ ಒಂದೇ ಸಾಲು. ‘ಪ್ಲೇಟು 7416. ಗೀಚು, ಉದ್ದ 1.5 ಮಿ.ಮೀ. ತೆಗೆದುಹಾಕಿದೆ.’ ದಿನಾಂಕ 2060ರ ಮಾರ್ಚ್. ನಾನು ಚಕ್ರ ಹಿಡಿದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ನನ್ನ ಸಾಣೆಕಲ್ಲು ಆ ಗಾಜನ್ನು ಮುಟ್ಟುವ ಮುಂಚೆಯೇ ಆ ಗೆರೆ ಅಲ್ಲಿತ್ತು.

ನೇರ ಮೇಡಂ ಕೋಣೆಗೆ ಹೋದೆ. ಬಾಗಿಲು ಬಡಿಯಲಿಲ್ಲ.

“ಆ ಹಾಳಿ ಅವತ್ತ ಎಲ್ಲಿತ್ರಿ ಮೇಡಂ?”

ಅವರು ತಲೆಯೆತ್ತಿ ನೋಡಿದರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. “ನನ್ನ ಕಡತದಾಗ ಇತ್ತು.”

“ಹಸಿರು ಕಡತದಾಗ.”

“ಕೂಡು, ಕಸ್ತೂರಿ. ಆ ಯಾದಿಯೊಳಗ ತೊಂಬತ್ತು ಸಾವಿರ ಗೀಚು ಅವ. ಅವೆಲ್ಲಾ ಗೀಚಲ್ಲ, ನಾವು ಆಕಾಶನ ಅಳಿಸೀವಿ ಅಂತ ಒಪ್ಪಿಕೊಳ್ಳಬೇಕಾಗ್ತಿತ್ತು. ಗಾಜೂ ಉಳದಿರಲಿಲ್ಲ. ಸಂಗ್ರಹಾಲಯನ ಮುಚ್ಚಿಬಿಡ್ತಿದ್ರು. ಮತ್ತ ಶಫಿ ಲೆಕ್ಕ ತಪ್ಪಾಗಿ ಕಲ್ಲು ಬಿದ್ದಿದ್ರ? ಊರಾಗ ಇರ್ರಿ ಅಂತ ನಾ ಹೆಂಗ ಹೇಳ್ಲಿ? ಆ ಪಾಪ ಹೊರಾಕ ನನಗ ಧೈರ್ಯ ಆಗಲಿಲ್ಲ,” ಎಂದರು.

“ಅದಕ್ಕ ನನ್ನ ತಲಿ ಮ್ಯಾಲೆ ಹೊರಿಸಿದ್ರಿ,” ಎಂದೆ. “ನಮ್ಮತ್ತಿ ನನ್ನ ಬೈಕೋತ ಸತ್ತರು ಮೇಡಂ.”

ಅವರು ಅತ್ತರು. ಈ ಹೆಂಗಸಿಗೆ ಕಣ್ಣೀರು ಸುಲಭ ಎಂದು ಅವತ್ತು ಅನ್ನಿಸಿತು. ಆಮೇಲೆ ಕಣ್ಣೊರೆಸಿಕೊಂಡು, ನನಗಾಗಿ ಏನಾದರೂ ಮಾಡುತ್ತೇನೆ ಎಂದರು. ಮಾಡಿದರು ಕೂಡ. ಅದೇ ಪ್ರದರ್ಶನಕ್ಕೆ ‘ಪಟ್ಟಿಯ ಬದುಕು’ ಎಂಬ ವಿಭಾಗ ಸೇರಿಸಿ, ನನ್ನ ಗಂಡನಿಗೆ ಅಲ್ಲಿ ಕೆಲಸ ಕೊಟ್ಟರು.

ನಾನು ಬೇಡ ಎಂದೆ. ಇವರು ಹೂಂ ಎಂದರು. “ಕುಣಿ ತೋಡಿಸ್ಯಾರಂತ,” ಎಂದರು ಅಷ್ಟೇ.

ನಿಜ, ತೋಡಿಸಿದ್ದಾರೆ. ಅಮೃತಶಿಲೆಯ ನೆಲ ಒಡೆಸಿ ಸೊಂಟದಷ್ಟು ಆಳದ ಕುಣಿ, ಬಣದೂರಿನಿಂದಲೇ ತರಿಸಿದ ಮಣ್ಣು. ಮಗ್ಗವೂ ನಮ್ಮೂರಿನದೇ, ಯಾರದೋ ಒಲೆಗೆ ಹೋಗದೆ ಉಳಿದದ್ದು. ಎಳೆ ಹರಿಯದಂತೆ ತಂಪು ಗಾಳಿಯ ಯಂತ್ರ ಕೂರಿಸಿದ್ದಾರೆ. ಆ ತಂಪು ಹೊರಗೆ ಹೋಗಬಾರದೆಂದು ನಾಲ್ಕೂ ಕಡೆ ಆಳೆತ್ತರದ ಗಾಜಿನ ಗೋಡೆ. ಅದನ್ನು ಅಳೆದು, ಕೊಯ್ದು, ಕೂರಿಸಿದವಳು ನಾನೇ. ಮತ್ತ್ಯಾರಿಗೂ ಅಷ್ಟು ದೊಡ್ಡ ಗಾಜು ಮುಟ್ಟಲು ಧೈರ್ಯವಿರಲಿಲ್ಲ. ಫಲಕದಲ್ಲಿ ‘ಬಣದೂರಿನ ನೇಕಾರ. ಈ ಊರು ಈಗಿಲ್ಲ’ ಎಂದಿದೆ.

ಇವರು ಬೆಳಿಗ್ಗೆ ಹತ್ತಕ್ಕೆ ಒಳಗೆ ಹೋಗಿ ನೇಯಲು ಕೂರುತ್ತಾರೆ. ಖಣ ಚೆನ್ನಾಗಿಯೇ ಬೀಳುತ್ತಿದೆ, ಮೊದಲಿಗಿಂತ ಚೆನ್ನಾಗಿ. ಶಾಲೆಯ ಮಕ್ಕಳು ಬಂದು ಮೂಗು ಒತ್ತಿ ನೋಡುತ್ತಾರೆ. ಮಗ್ಗದ ಸದ್ದು ಹೊರಗೆ ಕೇಳಿಸುವುದಿಲ್ಲ. ಸಂಜೆ ಐದಕ್ಕೆ ಇವರು ಕುಣಿಯಿಂದ ಎದ್ದು, ಕೈ ಒರೆಸಿಕೊಂಡು, ಗಾಜಿನ ಬಾಗಿಲ ಬಳಿ ಬಂದು ನಿಲ್ಲುತ್ತಾರೆ. ನಾನೂ ಈಚೆ ಬಂದು ನಿಲ್ಲುತ್ತೇನೆ. ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ, ಬೀಗದ ಕೈ ಕಾವಲುಗಾರನ ಹತ್ತಿರ ಇರುತ್ತದೆ. ಅವನು ಎಲ್ಲ ಕೋಣೆಗಳ ದೀಪ ಆರಿಸಿ ಬರುವವರೆಗೆ ನಾವಿಬ್ಬರೂ ಹಾಗೇ ನಿಂತಿರುತ್ತೇವೆ.